ಹೆಸರೇನಣ್ಣನ ವರ್ಗಾವಣೆ

ಗಂಡಸರ ವಾರ್ಡಿನ ನರ್ಸಾದ ಬ್ರದರ್ ಮಾಡಿದ ತಪ್ಪು ಒಂದೇ: ಗುಟ್ಟಿನ ಮಾತನ್ನು ರೋಗಿ ದರ್ಜಿಯ ಕಿವಿಗೆ ಹಾಕಿದ್ದು. ಮೇಲಿನ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ ಒಂದು ಜಾಗ ಖಾಲಿಯಿದೆ, ತಾನೂ ಅರ್ಜಿ ಹಾಕಿದ್ದೇನೆ, ಇವತ್ತು ನರ್ಸುಗಳ ಮೇಲಧಿಕಾರಿ ಮೇಟ್ರನ್ ಖುದ್ದಾಗಿ ಬಂದು ತಾನು ಔಷಧಿ ಕೊಡುವುದನ್ನು ನಿಂತು ನೋಡುತ್ತಾರೆ. ಹೇಳಿದ್ದು ಇಷ್ಟೇ. ದರ್ಜಿಯ ಬಾಯಿಂದ ಥರ್ಮಾಮೀಟರ್ ಹೊರಗೆ ಬಂದದ್ದೇ ತಡ, ಸುದ್ದಿ ವಾರ್ಡಿನ ಆ ತುದಿ ಮುಟ್ಟಿ, ಉಪ್ಪುಖಾರ ಹಚ್ಚಿಕೊಂಡು ಈ ತುದಿಗೆ ವಾಪಸ್ಸು ಬಂತು.

ಆ ಗಂಡಸರ ವಾರ್ಡಿನಲ್ಲಿ ಬ್ರದರ್‌ಗೆ ‘ಹೆಸರೇನಣ್ಣ’ ಎಂಬ ಅಡ್ಡಹೆಸರಿತ್ತು. ಮಾತ್ರೆಯಾಗಲಿ ಮುಲಾಮಾಗಲಿ, ಕೈಯಲ್ಲಿ ಔಷಧಿ ಹಿಡಿದರೆ ಸಾಕು, ಎದುರಿಗಿದ್ದವರನ್ನು “ನಿಮ್ಮ ಹೆಸರು ಹೇಳಿ” ಎಂದು ಕೇಳುವನು. ಹೇಳಿದರೆ ನಂಬುವವನಲ್ಲ, ಮಣಿಕಟ್ಟಿನ ಪಟ್ಟಿ ನೋಡುವನು. ಆಮೇಲೆ ಇದು ಯಾವ ಔಷಧಿ, ಯಾಕೆ, ಎಷ್ಟು, ಮೈಯೊಳಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ಪುರಾಣ. ಬಂದು ಬೇರು ಬಿಟ್ಟಿದ್ದ ರೋಗಿಗಳಿಗೂ ಇದರಿಂದ ವಿನಾಯಿತಿ ಇರಲಿಲ್ಲ. ನಿದ್ದೆ ಮಾತ್ರೆ ಕೊಡಲು ನಿದ್ದೆಯಿಂದ ಎಬ್ಬಿಸಿ ಹೆಸರು ಕೇಳಿದ ಕೀರ್ತಿಯೂ ಅವನದೇ.

ಚಟ ಮನೆಗೂ ಹಿಂಬಾಲಿಸಿತ್ತು. ಮಗಳಿಗೆ ಕೆಮ್ಮಿನ ಔಷಧಿ ಬಗ್ಗಿಸಿಕೊಂಡು ಹೆಸರು ಕೇಳಿದಾಗ ಅವಳು, “ಅಪ್ಪಾ, ಇಟ್ಟಿದ್ದು ನೀನೇ ಅಲ್ವಾ?” ಎಂದಿದ್ದಳು. ಹೆಂಡತಿಯಂತೂ, ಮದುವೆಗೆ ಮುಂಚೆಯೇ ಹೀಗೆ ಕೇಳಿದ್ದರೆ ಬೇರೆ ಯಾರದಾದರೂ ಹೆಸರು ಹೇಳಿ ಬಚಾವಾಗುತ್ತಿದ್ದೆ ಎಂದಳು. ಅವನಿಗೂ ತನ್ನ ಬಾಯಿ ಸಾಕಾಗಿತ್ತು. ಥಿಯೇಟರಿನಲ್ಲಾದರೆ ರೋಗಿ ಬಾಗಿಲಲ್ಲಿ ಒಮ್ಮೆ ಹೆಸರು ಹೇಳುತ್ತಾನೆ, ಆಮೇಲೆ ಮಲಗುತ್ತಾನೆ. ಪ್ರಶ್ನೆಯಿಲ್ಲ, ಉತ್ತರವಿಲ್ಲ, ಗೊಣಗಾಟವಿಲ್ಲ. ಬ್ರದರ್ ಪಾಲಿಗೆ ಸ್ವರ್ಗ ಅಂದರೆ ಅದೇ.

ಅವನಿಗೆ ಎದುರಾಳಿಯೆಂದರೆ ಪಕ್ಕದ ವಾರ್ಡಿನ ಮೌನಿ ಸಿಸ್ಟರ್. ಅವನ ರಜೆಯ ದಿನ ಈ ವಾರ್ಡನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಬೆಕ್ಕು ನಡೆದ ಹಾಗೆ ಬಂದು, ಪಟ್ಟಿಯತ್ತ ಕಣ್ಣು ಹಾಯಿಸಿ, ಔಷಧಿ ಕೊಟ್ಟು, ಹಾಗೇ ಹೋಗಿಬಿಡುವಳು. ಥಿಯೇಟರ್ ಬೇಕೆಂದು ಅವಳು ಕೇಳಿರಲೂ ಇಲ್ಲ. ಕೇಳಬೇಕಾದರೆ ಬಾಯಿ ಬಿಡಬೇಕಲ್ಲ!

ಟ್ರಾಲಿ ತಳ್ಳಿಕೊಂಡು ಬ್ರದರ್ ಒಳಗೆ ಬಂದಾಗ ವಾರ್ಡು ತಲೆ ಬಾಚಿಕೊಂಡು ಕೂತಿತ್ತು. ಹೊದಿಕೆಗಳು ಮಡಿಕೆ ಬಿಚ್ಚದ ಹಾಗೆ ನೀಟಾಗಿದ್ದವು. ಕಾಲು ಮುರಿದು ಈಗ ಕೋಲೂರಿ ನಡೆಯುತ್ತಿದ್ದ ಲಾರಿ ಡ್ರೈವರ್ ಎಲ್ಲರ ಪರವಾಗಿ ಮಾತಾಡಿದ.

“ಬ್ರದರ್, ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮನ್ನ ಮೇಲಕ್ಕೆ ಕಳಿಸೋ ಜವಾಬ್ದಾರಿ ನಮ್ದು.”

ಆಸ್ಪತ್ರೆಯಲ್ಲಿ ಆಡುವ ಮಾತಲ್ಲ ಅದು. ಆದರೂ ಬ್ರದರ್ ಕಣ್ಣು ತುಂಬಿ ಬಂತು. ಇಷ್ಟು ಪ್ರೀತಿ ಮಾಡುವ ಜನರನ್ನು ಬಿಟ್ಟು ಹೊರಟಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡ.

ಮೇಟ್ರನ್ ಬಂದರು. ಅವರ ಚಪ್ಪಲಿ ಸದ್ದಿಗೆ ಫ್ಯಾನುಗಳೂ ನೆಟ್ಟಗೆ ತಿರುಗತೊಡಗಿದವು ಎನ್ನಬೇಕು.

ಮೊದಲ ಮಂಚ ನಿವೃತ್ತ ಮೇಷ್ಟರದು. ಅವರಿಗೆ ಎದೆನೋವು. ನಾಲಿಗೆಯ ಕೆಳಗಿಟ್ಟುಕೊಳ್ಳುವ ಮಾತ್ರೆ. ಅಗಿಯಬಾರದು, ನುಂಗಬಾರದು, ಕರಗುವ ತನಕ ಮಾತಾಡಬಾರದು. ಬ್ರದರ್ ಹೆಸರು ಕೇಳಿದ. ಮೇಷ್ಟರು ತಮ್ಮ ಹೆಸರು, ತಂದೆಯ ಹೆಸರು, ಊರು, ಕೆಲಸ ಮಾಡಿದ ಶಾಲೆಗಳನ್ನೆಲ್ಲ ಒಪ್ಪಿಸಿ ನಾಲಿಗೆ ಎತ್ತಿದರು. ಮಾತ್ರೆ ಕೂತಿತು. ಎಲ್ಲ ಸರಿ ಎನ್ನುವಷ್ಟರಲ್ಲಿ ಮೇಟ್ರನ್, ಇದನ್ನು ಯಾಕೆ ನುಂಗಬಾರದು ಎಂದು ಬ್ರದರ್‌ನನ್ನು ಕೇಳಿದರು. ದಿನಾ ಹೇಳುವ ಪುರಾಣವೇ ಗಾಬರಿಯಲ್ಲಿ ಅವನಿಗೆ ತಟ್ಟನೆ ನೆನಪಾಗಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಮೇಷ್ಟರ ಜಾಯಮಾನವಲ್ಲ.

“ನುಂಗಿದ್ರೆ ಹೊಟ್ಟೆ ಸುತ್ತಿ ಬರುತ್ತೆ ಮೇಡಂ, ನಾಲಿಗೆ ಕೆಳಗಾದ್ರೆ ಸೀದಾ ರಕ್ತಕ್ಕೆ,” ಎಂದರು. ಮಾತಿನ ಜೊತೆಗೆ ಮಾತ್ರೆಯೂ ಹೊರಬಂದು ಮೇಟ್ರನ್ ಚಪ್ಪಲಿಯ ಹತ್ತಿರ ಬಿತ್ತು. ಬ್ರದರ್ ಅದನ್ನು ಬಿಸಾಡಿ ಇನ್ನೊಂದು ಇಟ್ಟ. ಮೇಷ್ಟರು ಪಶ್ಚಾತ್ತಾಪದಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತರು.

ಎರಡನೆಯವರು ಗಡಿಯಾರ ರಿಪೇರಿ ಅಜ್ಜ. ಅವರಿಗೆ ಕಿವಿಗೆ ಹನಿ. ಬ್ರದರ್ ಶೀಶೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅಜ್ಜನನ್ನು ಮಗ್ಗುಲಿಗೆ ಮಲಗಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹನಿ ಬಿಟ್ಟ. ಒಂದು ಹನಿಯೂ ಆಚೆ ಬೀಳಲಿಲ್ಲ. ಆದರೆ ಅಜ್ಜನ ಕೇಳಿಸುವ ಕಿವಿ ದಿಂಬಿನಲ್ಲಿತ್ತು, ಕೇಳಿಸದ ಕಿವಿಯಲ್ಲಿ ಔಷಧಿಯಿತ್ತು. ಮೇಟ್ರನ್ ಬಗ್ಗಿ, ಉರಿಯುತ್ತಾ ಎಂದರು. ಅಜ್ಜನಿಗೆ ಕಂಡದ್ದು ತುಟಿ ಆಡಿದ್ದು ಮಾತ್ರ. ಬ್ರದರ್ ಒಳ್ಳೆಯವನಾ ಎಂದು ಕೇಳುತ್ತಿದ್ದಾರೆಂದು ಊಹಿಸಿ, “ಹೌದು ಹೌದು, ಬಹಳ,” ಎಂದು ಬೆಳಗಿದ ಮುಖದಲ್ಲಿ ಹೇಳಿದರು. ಮೇಟ್ರನ್ ಏನೋ ಗೀಚಿಕೊಂಡರು. ಬ್ರದರ್‌ಗೆ ತನ್ನ ಕಿವಿಯಲ್ಲೇ ಹನಿ ಬಿದ್ದಂತಾಯಿತು.

ಮೂರನೆಯವರು ಅಂಗಡಿ ಸಾಹುಕಾರರು. ಅವರಿಗೆ ಮಲಬದ್ಧತೆ, ಔಷಧಿ ಹೋಗಬೇಕಾದದ್ದು ಹಿಂದಿನ ದಾರಿಯಿಂದ. ಬ್ರದರ್ ನಿಯಮದಂತೆ ಪರದೆ ಎಳೆದ. ಆದರೆ ಪರದೆ ಕಣ್ಣಿಗೆ ಅಡ್ಡ, ಕಿವಿಗಲ್ಲ. ಹೊರಗಿನಿಂದ ವಾರ್ಡು ಒಬ್ಬೊಬ್ಬರಾಗಿ ನೆನಪು ಮಾಡತೊಡಗಿತು: ಎಡಮಗ್ಗುಲಿಗೆ ಮಲಗಿಸಿದಿರಾ, ಕೈಗವಸು ಹಾಕಿದಿರಾ, ಉಸಿರು ದೀರ್ಘವಾಗಿ ಬಿಡಲು ಹೇಳಿದಿರಾ. ಸಾಹುಕಾರರ ಬೀಗರು ಆಗ ತಾನೇ ಯೋಗಕ್ಷೇಮ ವಿಚಾರಿಸಲು ಬಾಗಿಲಿಗೆ ಬಂದಿದ್ದರು. ವಿಚಾರಿಸುವ ಅಗತ್ಯವೇ ಬೀಳಲಿಲ್ಲ, ಎಲ್ಲ ಕೇಳಿಸಿತು, ಬಂದ ದಾರಿಯಲ್ಲೇ ಓಡಿದರು. ಸಾಹುಕಾರರು ಗೋಡೆಗೆ ಮುಖ ಮಾಡಿದವರು ತಿರುಗಲೇ ಇಲ್ಲ.

ಉಳಿದದ್ದು ದರ್ಜಿಯ ಇಂಜೆಕ್ಷನ್. ಸೊಂಟದ ಕೆಳಗೆ, ಸ್ನಾಯುವಿಗೆ. ಬದುಕೆಲ್ಲ ಸೂಜಿ ಹಿಡಿದ ಮನುಷ್ಯ ಸೂಜಿ ಕಂಡರೆ ಕಿರುಚುವ ಪರಿ ಹೇಗೆಂದರೆ, ಹಿಂದಿನ ಸಲ ಗೇಟಿನ ಕಾವಲುಗಾರ ಲಾಠಿ ಹಿಡಿದು ಓಡಿ ಬಂದಿದ್ದ. ಇದೊಂದು ದಾಟಿದರೆ ಥಿಯೇಟರ್ ಎಂದು ಬ್ರದರ್ ಔಷಧಿ ತುಂಬಿಕೊಂಡು ಮಂಚದ ಹತ್ತಿರ ಹೋದ. ದರ್ಜಿ ಆಗಲೇ ಬೋರಲು ಮಲಗಿ, ತಲೆಯ ಮೇಲೆ ಹೊದಿಕೆ ಎಳೆದುಕೊಂಡು, ಬೇಕಾದಷ್ಟು ಜಾಗ ಮಾತ್ರ ತೆರೆದಿಟ್ಟಿದ್ದ. ಎಂಥ ಸಹಕಾರ!

“ನಿಮ್ಮ ಹೆಸರು ಹೇಳಿ.”

ಹೊದಿಕೆಯೊಳಗಿಂದ ಸಣ್ಣ ದನಿಯಲ್ಲಿ ದರ್ಜಿಯ ಹೆಸರು ಬಂತು. ತಂದೆಯ ಹೆಸರೂ ಬಂತು. ಬ್ರದರ್ ಹತ್ತಿಯಿಂದ ಒರೆಸಲು ಕೈಯಿಟ್ಟವನು ಅಲ್ಲೇ ನಿಂತ. ದರ್ಜಿ ಗಜಕಡ್ಡಿಯಂಥ ಆಳು. ಕಣ್ಣೆದುರಿಗಿದ್ದದ್ದು ಲಾರಿಯ ಹಿಂಭಾಗದಷ್ಟು ಅಗಲವಿತ್ತು. ‘ಹಾರ್ನ್ ಮಾಡಿ’ ಎಂದು ಬರೆದಿರಲಿಲ್ಲ, ಅಷ್ಟೇ. ಆಚೆ ಮಂಚದಲ್ಲಿ ಡ್ರೈವರ್ ಹೊದಿಕೆಯ ಕೆಳಗೆ ಯಾರೋ ಅತಿಯಾಗಿ ಗೊರಕೆ ಹೊಡೆಯುತ್ತಿದ್ದರು.

“ಕೈ ತೋರಿಸಿ,” ಎಂದ ಬ್ರದರ್.

ಕೈ ನೋಯುತ್ತಿದೆ ಎಂದಿತು ಹೊದಿಕೆ. ಅವರೇ ದರ್ಜಿ, ಬೇಕಾದರೆ ನಾವು ಸಾಕ್ಷಿ ಎಂದರು ಸಾಹುಕಾರರು ಗೋಡೆಗೆ. ಮೇಷ್ಟರು ಬಾಯಿ ಮುಚ್ಚಿಕೊಂಡೇ ಜೋರಾಗಿ ತಲೆಯಾಡಿಸಿದರು. ಬೆನ್ನ ಹಿಂದೆ ಮೇಟ್ರನ್ ಪೆನ್ನು ಹಿಡಿದು ನಿಂತಿದ್ದರು. ಚುಚ್ಚಿಬಿಟ್ಟರೆ ಕಿರುಚಾಟವಿಲ್ಲ, ಕಾವಲುಗಾರನಿಲ್ಲ, ಸಂಜೆಯೇ ಮೇಲಿನ ಮಹಡಿ. ಕೈ ಎಳೆದರೆ ತನಗಾಗಿ ಮೈಯೊಡ್ಡಿದವನ ಮಾನ ಹೋಗುತ್ತದೆ, ಜೊತೆಗೆ ತನ್ನ ಥಿಯೇಟರೂ. ಬ್ರದರ್ ತನ್ನ ಜನ್ಮಕ್ಕಂಟಿದ ಚಟವನ್ನು ಶಪಿಸುತ್ತ ಹೊದಿಕೆಯೊಳಗೆ ಕೈ ಹಾಕಿ ಆ ಮಣಿಕಟ್ಟನ್ನು ಹೊರಗೆಳೆದ.

ಪಟ್ಟಿ ಕೆಂಪಗಿತ್ತು, ಅಲರ್ಜಿ ಇದ್ದವರಿಗೆ ಕಟ್ಟುವಂಥದ್ದು. ಹೆಸರು ಡ್ರೈವರದು, ಅದರ ಕೆಳಗೆ, ಮೈಗೆ ಒಗ್ಗದ ಔಷಧಿ ಎಂದು ಬರೆದದ್ದು ಸಿರಿಂಜಿನಲ್ಲಿದ್ದ ಅದೇ ಔಷಧಿ.

ಬ್ರದರ್ ಸಿರಿಂಜನ್ನು ಟ್ರೇಗೆ ಇಟ್ಟು ಮಂಚದ ಕಂಬಿ ಹಿಡಿದುಕೊಂಡ. ಇದೇ ಔಷಧಿಯಿಂದ ಹಿಂದೆ ಉಸಿರು ಕಟ್ಟಿ, ಹೆಂಡತಿಗೂ ಗುರುತು ಸಿಗದಷ್ಟು ಮುಖ ಊದಿಕೊಂಡದ್ದು ಮರೆತುಹೋಯಿತಾ ಎಂದು ಕೇಳಿದ. ಡ್ರೈವರ್ ಹೊದಿಕೆ ಸರಿಸಿ ಸಿರಿಂಜನ್ನೇ ನೋಡಿದ.

“ಇದು ಅದೇನಾ? ಯಾವುದಾದ್ರೇನು, ಸೂಜಿ ಸೂಜಿನೇ ಅಂದ್ಕೊಂಡೆ,” ಎಂದ. ಅವನ ಮುಖವೂ ಬಿಳಿಚಿಕೊಂಡಿತ್ತು.

ಆಮೇಲೆ ನಿಜವಾದ ದರ್ಜಿಯ ಗೊರಕೆ ನಿಲ್ಲಿಸಿ, ಅವನ ಮಂಚಕ್ಕೇ ತಂದು, ಹೆಸರು ಕೇಳಿ, ಪಟ್ಟಿ ನೋಡಿ ಚುಚ್ಚಿದ್ದಾಯಿತು. ಕಾವಲುಗಾರ ಲಾಠಿ ಹಿಡಿದು ಓಡಿ ಬಂದದ್ದೂ ಆಯಿತು. ಬ್ರದರ್ ತಲೆ ತಗ್ಗಿಸಿ ನಿಂತ. ಮಾತ್ರೆ ಚಪ್ಪಲಿಯ ಹತ್ತಿರ ಬಿದ್ದ, ಬೀಗರು ಓಡಿಹೋದ, ರೋಗಿಗಳು ಮಂಚ ಬದಲಿಸಿದ ವಾರ್ಡಿನವನಿಗೆ ಥಿಯೇಟರ್ ಇರಲಿ, ಇದ್ದ ಕೆಲಸ ಉಳಿದರೆ ಸಾಕಿತ್ತು.

ಮೇಟ್ರನ್ ಪೆನ್ನಿನ ಮುಚ್ಚಳ ಹಾಕಿದರು.

“ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಚುಚ್ಚಿರೋರು, ಈತ ನೆಲದ ಮೇಲಿರ್ತಿದ್ದ. ಥಿಯೇಟರಲ್ಲಿ ಹೆಸರು ಕೇಳೋಕೆ ನಾಲ್ಕು ಜನ ಇರ್ತಾರೆ. ಇಂಥ ವಾರ್ಡಿಗೆ ನೀವೇ ಬೇಕು. ಮೌನಿ ಸಿಸ್ಟರನ್ನ ಮೇಲಕ್ಕೆ ಹಾಕ್ತೀನಿ. ನಾಳೆಯಿಂದ ಅವಳ ವಾರ್ಡೂ ನಿಮ್ಮದೇ,” ಎಂದು ಬೆನ್ನು ತಟ್ಟಿ ಹೊರಟುಹೋದರು.

ವಾರ್ಡಿನಲ್ಲಿ ಎಲ್ಲರಿಗೂ ಒಟ್ಟಿಗೆ ನಿಟ್ಟುಸಿರು ಬಂತು. ಸ್ವರ್ಗ ಕೈ ತಪ್ಪಿದ ಬ್ರದರ್ ಹೇಗೋ ಸಮಾಧಾನ ತಂದುಕೊಂಡ. ಮೇಲಕ್ಕೆ ಹೋಗದಿದ್ದರೆ ಹೋಯಿತು, ತನಗಾಗಿ ಪ್ರಾಣ ಕೊಡಲು ಸಿದ್ಧವಿರುವ ಜನ ಇಲ್ಲಿದ್ದಾರಲ್ಲ. ಡ್ರೈವರನ ಕೈ ಹಿಡಿದು, ನನ್ನ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಿರಲಿಲ್ಲ ಎಂದ.

ಡ್ರೈವರ್ ದರ್ಜಿಯ ಮುಖ ನೋಡಿದ. ದರ್ಜಿ ಸೂರು ನೋಡಿದ. ಮಾತ್ರೆ ಪೂರ್ತಿ ಕರಗಿತ್ತಾದ್ದರಿಂದ ಮೇಷ್ಟರಿಗೆ ಈಗ ತಡೆಯಿರಲಿಲ್ಲ.

“ತಪ್ಪು ತಿಳ್ಕೋಬೇಡ ತಮ್ಮಾ. ನೀನು ಹೋದ್ರೆ ಆ ಮೌನಿ ಸಿಸ್ಟರ್ ನಮಗೆ ಬರ್ತಾರೆ ಅಂತ ಆಸೆ ಇತ್ತು. ದಿನಾ ಮೂರು ಹೊತ್ತು ಹೆಸರು ಹೇಳಿ ಹೇಳಿ ನನ್ನ ಹೆಸರು ಕಂಡ್ರೆ ನನಗೇ ಆಗಲ್ಲ. ದರ್ಜಿ ಕಿರುಚಿ ಕೆಲಸ ಕೆಡಿಸ್ಬಾರ್ದು ಅಂತ ಚೀಟಿ ಎತ್ತಿ, ನೀವಿಬ್ರೂ ಪರದೆಯೊಳಗಿದ್ದಾಗ ಇವನನ್ನ ಮಲಗಿಸಿದ್ವಿ.”

ಬ್ರದರ್ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟ. ಆಸೆಪಟ್ಟಿದ್ದ ಮೌನ ಕಡೆಗೂ ಸಿಕ್ಕಿತು, ಆದರೆ ಅದರಲ್ಲಿ ಅಂಥ ಸುಖವೇನೂ ಕಾಣಲಿಲ್ಲ. ಟ್ರಾಲಿಯನ್ನು ಪಕ್ಕದ ವಾರ್ಡಿನ ಕಡೆ ತಿರುಗಿಸಿದ. ನಾಳೆಯಿಂದ ಅವರೂ ತನ್ನವರೇ, ಹೋಗಿ ಪರಿಚಯ ಮಾಡಿಕೊಂಡು ಬರೋಣ ಎಂದು.

ದರ್ಜಿಯ ಕಿರುಚಾಟಕ್ಕೆ ಒಳ್ಳೆಯ ಕಿವಿಯನ್ನು ದಿಂಬಿನಿಂದೆತ್ತಿ ಎಲ್ಲ ಕೇಳಿಸಿಕೊಂಡಿದ್ದ ಅಜ್ಜ, ಅವನ ತೋಳು ಹಿಡಿದು ನಿಲ್ಲಿಸಿದರು.

“ಇವತ್ತು ಬೇಡ ಮಗಾ. ಪಾಪ, ಅವರಿಗಿನ್ನೂ ವಿಷಯ ಗೊತ್ತಿಲ್ಲ. ಇದೊಂದು ದಿನ ನಿದ್ದೆ ಮಾಡ್ಲಿ ಬಿಡು.”