ತೆಂಕಲಿಗೆ ರಸ್ತೆ

ಕೂತಲ್ಲಿ ಕೂರಲಾರದ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅರಸೀಕೆರೆಯ ಅಂಚಿನಲ್ಲಿ ಒಂದು ಸೈಟು ಕೊಂಡ ಮೇಲೆ ಅಂಟಿಕೊಂಡದ್ದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ‘ಕ್ರಯಪತ್ರ ಓದಿ ನೋಡು’ ಎಂಬುದನ್ನು ಯಾಕೆ ಬಿಟ್ಟರೋ ತಿಳಿಯದು. ಕ್ರಯಪತ್ರದಲ್ಲಿ ಚಕ್ಕುಬಂದಿ ಅಂತ ಒಂದು ಭಾಗ ಇರುತ್ತದೆ. ನಿಮ್ಮ ಜಾಗದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಅದರಲ್ಲಿ ಬರೆದಿರುತ್ತಾರೆ. ನನ್ನ ಪತ್ರದಲ್ಲಿ ‘ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ರುದ್ರಣ್ಣನವರ ತೆಂಗಿನ ತೋಟ’ ಎಂದಿತ್ತು. ಉತ್ತರ ಕುಬೇರನ ದಿಕ್ಕು ಎಂದು ನನ್ನ ಹೆಂಡತಿ ವಿಮಲಾ ಆಗಲೇ ಮುಂಬಾಗಿಲಿನ ತೋರಣ ಆರಿಸಿಬಿಟ್ಟಿದ್ದಳು. ನಾವು ಜಾಗ ನೋಡಿದ್ದು ನಡುಮಧ್ಯಾಹ್ನ. ನೆತ್ತಿಯ ಮೇಲಿದ್ದ ಸೂರ್ಯ ಯಾವ ಕಡೆಗೂ ಸಾಕ್ಷಿ ಹೇಳಲಿಲ್ಲ.

ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ವಕೀಲರು ಜಾಗ ನೋಡಿ ಬಂದು, “ಮೇಷ್ಟ್ರೇ, ರಸ್ತೆ ಇರೋದು ದಕ್ಷಿಣಕ್ಕೆ, ತೋಟ ಉತ್ತರಕ್ಕೆ. ನಿಮ್ಮ ಪತ್ರದಲ್ಲಿರೋ ಸೈಟು ಭೂಮಿ ಮೇಲೆ ಎಲ್ಲೂ ಇಲ್ವಲ್ರೀ!” ಎಂದರು. ತಿದ್ದುಪಡಿ ಪತ್ರವಾಗದೆ ಸಾಲ ಇಲ್ಲ; ಅದಕ್ಕೆ ಮಾರಿದವರೇ ಬಂದು ಒಪ್ಪಬೇಕು. ಮಾರಿದ ಗಂಗಜ್ಜಿಯೋ ಹಣ್ಣು ಹಣ್ಣು ಮುದುಕಿ, ಈಗ ಕಣಕಟ್ಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆಕೆಗೇನಾದರೂ ಆದರೆ ಒಬ್ಬರ ಮುಖ ಒಬ್ಬರು ನೋಡದ ಆಕೆಯ ಮಕ್ಕಳೆಲ್ಲರನ್ನೂ ನಾನು ನೋಂದಣಿ ಕಚೇರಿಯ ಒಂದೇ ಬೆಂಚಿನ ಮೇಲೆ ಕೂರಿಸಬೇಕು.

ಆದರೂ ನಂಬಿಕೆ ಬಾರದೆ ಮೊಬೈಲಿನ ದಿಕ್ಸೂಚಿ ಹಿಡಿದು ಸೈಟಿನಲ್ಲಿ ಗಿರಗಿರ ತಿರುಗಿದೆ. ಬೇಲಿಯಾಚೆಯಿಂದ ರುದ್ರಣ್ಣ ಕೇಳಿದರು:

“ಏನ್ ಮೇಷ್ಟ್ರೇ, ಏನಾರ ಕಳ್ಕೊಂಡ್ರಾ?”

“ಉತ್ತರ ಕಳ್ಕೊಂಡಿದೀನಿ ರುದ್ರಣ್ಣ.”

“ಅದು ನನ್ ತೋಟದಾಗೈತೆ, ಬಿಡಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಣಕಟ್ಟೆಯ ಬಸ್ಸು ಹತ್ತಿದೆ. ವಿಷಯ ಕೇಳಿ ಗಂಗಜ್ಜಿ ಬಾಯಿಯ ಎಲೆಅಡಿಕೆ ಉಗಿದು ಬಂದರು. “ತೆಂಕ್ಲಿಗೆ ರಸ್ತೆ, ಬಡಗ್ಲಿಗೆ ರುದ್ರನ ತೋಟ ಅಂತ ನೆಟ್ಟಗೇ ಹೇಳಿದ್ನಲ್ಲಪ್ಪ. ನೀನೂ ಅಲ್ಲೇ ಇದ್ದೆ!”

ಇದ್ದೆ. ಪತ್ರ ಬರೆಯುವವರಿಗೆ ಅಜ್ಜಿಯ ತೆಂಕಲು ಉತ್ತರವಾಗಿ, ಬಡಗಲು ದಕ್ಷಿಣವಾಗಿ ಕೇಳಿಸಿತ್ತು. ತೆಂಕಲೆಂದರೆ ದಕ್ಷಿಣ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುವ ಕನ್ನಡ ಮೇಷ್ಟ್ರಾದ ನಾನು ಆಗ ಏನು ಮಾಡುತ್ತಿದ್ದೆ? ಕರಡಿನಲ್ಲಿ ‘ಧಕ್ಷಿಣ’ ಎಂದಿದ್ದುದನ್ನು ಹಟ ಹಿಡಿದು ‘ದಕ್ಷಿಣ’ ಮಾಡಿಸುತ್ತಿದ್ದೆ. ಕಾಗುಣಿತ ನೆಟ್ಟಗಾಯಿತು, ದಿಕ್ಕು ಸೊಟ್ಟಗೇ ಉಳಿಯಿತು.

“ಬತ್ತೀನಿ ನಡಿ, ನನ್ನಿಂದ ನಿನ್ ಮನೆ ಕೆಲ್ಸ ನಿಲ್ಲೋದು ಬ್ಯಾಡ” ಎಂದು ಅಜ್ಜಿ ಹೊರಟೇಬಿಟ್ಟರು. ಬಸ್ಸಿನಲ್ಲಿ ಅವರು ಒಂದು ಸಲ ಕೆಮ್ಮಿದರೆ ನನ್ನ ಜೀವ ಎರಡು ಸಲ ಹೋಗಿ ಬರುತ್ತಿತ್ತು. ನೀರು ಕೊಟ್ಟೆ, ಕಿಟಕಿ ಮುಚ್ಚಿದೆ, ಶಾಲು ಹೊದಿಸಿದೆ. “ಹೆತ್ತ ಮಗನೂ ಹಿಂಗೆ ನೋಡ್ಕಳಲ್ಲ ಕಣಪ್ಪ” ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾನು ಕಾಪಾಡುತ್ತಿದ್ದದ್ದು ಅಜ್ಜಿಯನ್ನಲ್ಲ, ಅವರ ಹೆಬ್ಬೆಟ್ಟನ್ನು.

ಅಂತೂ ನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರಕ್ಕೆ ಹೆಬ್ಬೆಟ್ಟು ಬಿತ್ತು. ಗೆದ್ದವನಂತೆ ಪತ್ರ ಮನೆಗೆ ತಂದೆ. ವಿಮಲಾ ಓದಿ ಕೆಳಗಿಟ್ಟಳು.

“ದಕ್ಷಿಣದ ಬಾಗಿಲೊಳಗೆ ನಾನು ಕಾಲಿಡಲ್ಲ ಕಣ್ರೀ.”

“ರಸ್ತೇನ ತಿರುಗಿಸೋಕಾಗುತ್ತೇನೇ?”

“ಬಾಗಿಲು ತಿರುಗಿಸಬಹುದಲ್ಲ!”

ತಿರುಗಿಸಿದೆವು. ಸಾಲ ಬಂತು, ಮನೆ ಎದ್ದಿತು. ಈಗ ನಮ್ಮ ಮುಂಬಾಗಿಲು ಇರುವುದು ಹಿಂದೆ, ರುದ್ರಣ್ಣನವರ ತೋಟದ ಎದುರು. ಬಂದ ನೆಂಟರು ಗೇಟು ದಾಟಿ, ಎಡಕ್ಕೆ ತಿರುಗಿ, ಹಳೇಬೀಡಿನ ಗುಡಿ ಸುತ್ತುವಂತೆ ಮನೆ ಸುತ್ತಿಕೊಂಡು ಬಾಗಿಲು ಹುಡುಕುತ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳುತ್ತಾರೆ. ಕೂತಲ್ಲಿ ಕೂರಲಾರದ ನನಗಂತೂ ಹಾಲು ತರಲು ಒಂದು ಪ್ರದಕ್ಷಿಣೆ, ಪೇಪರಿಗೆ ಇನ್ನೊಂದು. ಪ್ರದಕ್ಷಿಣೆಯಲ್ಲೂ ಒಂದು ದಕ್ಷಿಣ ಇದೆ. ಅಲ್ಪಪ್ರಾಣದ ‘ದ’ವೇ, ನೋಡಿಕೊಂಡಿದ್ದೇನೆ.