ನಾಳಿನ ಕಾರು ಮತ್ತು ನಾಲ್ಕು ನಿಂಬೆಹಣ್ಣು

ಆ ದಿನ ಗಜೇಂದ್ರಗಡದಲ್ಲಿ ನಡೆದ ಅನಾಹುತಕ್ಕೆಲ್ಲ ಕಾರಣ ನಾಲ್ಕು ನಿಂಬೆಹಣ್ಣು. ಅವನ್ನು ತಂದವಳು ಹೂವು ಮಾರುವ ಕಳಕವ್ವ, ಇಡಿಸಿದವರು ಹೂವಪ್ಪ ಸಾಹುಕಾರರು. ಸಿಕ್ಕಿಹಾಕಿಕೊಂಡವನು ಮಾತ್ರ ಉಮೇಶ. ಪ್ರತಿ ಊರಿಗೂ ಹೀಗೆ ಸಿಕ್ಕಿಹಾಕಿಕೊಳ್ಳುವುದಕ್ಕೆಂದೇ ಒಬ್ಬ ಇರುತ್ತಾನೆ.

ಉಮೇಶ ಹೂವಪ್ಪನವರ ಕಾರಿನ ಶೋರೂಮಿನಲ್ಲಿ ಸೇಲ್ಸ್‌ಮನ್. ಹೆಂಡತಿ ಶಾಂಭವಿ ನರಗುಂದದಲ್ಲಿ ಶಾಲೆಯ ಟೀಚರು. ಮದುವೆಯಾದಾಗಿನಿಂದ ಇವನು ಇಲ್ಲಿ, ಅವಳು ಅಲ್ಲಿ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗುವುದು, ಮರುದಿನ ಬೆಳಗ್ಗೆ ಚೀಲ ಹಿಡಿದು ವಾಪಸ್ಸು ಬರುವುದು. ಸಂಸಾರ ಅನ್ನುವುದಕ್ಕಿಂತ ಅದು ಸಂತೆಗೆ ಹೋಗಿಬಂದ ಹಾಗಿತ್ತು.

ಇದಕ್ಕೆ ಮದ್ದು ಹೂವಪ್ಪನವರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿತ್ತು. ಅದು ಕಂಪ್ಯೂಟರಿನಲ್ಲಿ ಬಿಡಿಸಿದ ‘ನರಗುಂದ ಶಾಖೆ’ಯ ಚಿತ್ರ. ಗಾಜಿನ ಕಟ್ಟಡ, ಮುಂದೆ ಕಾರಂಜಿ, ನರಗುಂದದ ಕರಿಮಣ್ಣು ಕನಸಿನಲ್ಲೂ ಕಾಣದಂಥ ಹಸಿರು ಹುಲ್ಲು, ಅದರ ಮೇಲೆ ಸೂಟು ಹಾಕಿಕೊಂಡು ಅಡ್ಡಾಡುವ ಬಿಳಿಯ ಜನ. “ಅಲ್ಲಿ ನೀನ ಮ್ಯಾನೇಜರ. ಬರೂ ವರ್ಷ,” ಎಂದು ಹೂವಪ್ಪನವರು ಪ್ರತಿ ವರ್ಷವೂ ತಪ್ಪದೆ ಹೇಳುತ್ತಿದ್ದರು. ಬಿಸಿಲಿಗೆ ಚಿತ್ರದ ಕಾರಂಜಿ ಅಳಿಸಿಹೋಗಿ ಈಗ ಬರೀ ತೊಟ್ಟಿ ಉಳಿದಿತ್ತು. ಆದರೂ ಉಮೇಶ ದಿನಾ ಅದರ ಧೂಳು ಒರೆಸುತ್ತಿದ್ದ.

ಅಂಥದರಲ್ಲಿ ಕಂಪನಿಯವರು ‘ನಾಳಿನ ಕಾರು ನಿಮ್ಮೂರಿಗೆ’ ಎಂದು ಪ್ರವಾಸ ಹೊರಡಿಸಿದರು. ಬೆಳಗ್ಗೆ ದೊಡ್ಡ ಲಾರಿಯೊಂದು ಬಂದು ಆ ಕಾರನ್ನು ಶೋರೂಮಿನ ಮುಂದೆ ಇಳಿಸಿತು. ಅರ್ಧ ತೇಯ್ದ ಸಾಬೂನಿನ ಹಾಗೆ ನುಣ್ಣಗಿದ್ದ ಅದಕ್ಕೆ ಕನ್ನಡಿ ಇಲ್ಲ, ಬಾಗಿಲಿಗೆ ಹಿಡಿಕೆ ಇಲ್ಲ, ಸ್ಟೇರಿಂಗ್ ಇಲ್ಲ. ಒಳಗೆ ಎದುರುಬದುರಾಗಿ ನಾಲ್ಕು ಕುರ್ಚಿ, ನಡುವೆ ಟೇಬಲ್ಲು. ರಿಮೋಟ್ ಒತ್ತಿದರೆ ಬಾಗಿಲು ಕೋಳಿ ರೆಕ್ಕೆ ಎತ್ತಿದಂತೆ ಮೇಲಕ್ಕೆ ಏಳುತ್ತಿತ್ತು.

ಕಾರಿನ ಜೊತೆ ಬಂದಿದ್ದ ಕಂಪನಿಯ ಹುಡುಗಿ ಶ್ವೇತಾ, ಗಾಲಿಗಳಿಗೆ ಕಲ್ಲು ಕೊಡಿಸಿ, ಉಮೇಶನನ್ನು ಪಕ್ಕಕ್ಕೆ ಕರೆದಳು.

“ನೋಡಿ, ಇದಕ್ಕೆ ಎಂಜಿನ್ ಇಲ್ಲ. ಬ್ರೇಕೂ ಇಲ್ಲ. ಬ್ಯಾಟರಿ ಇರೋದು ಬಾಗಿಲಿಗೆ, ದೀಪಕ್ಕೆ ಅಷ್ಟೇ. ಇದು ಕಾನ್ಸೆಪ್ಟ್, ಬರೀ ತೋರಿಸೋಕೆ ಮಾಡಿದ ಮಾದರಿ. ಜನರಿಗೆ ಹೇಳೋಕೆ ಹೋಗಬೇಡಿ. ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ, ಸಾಕು.”

ರಿಮೋಟನ್ನು ಅವನ ಕೈಗಿಟ್ಟು ಅವಳು ಮುಂದಿನ ಊರಿನ ಏರ್ಪಾಟು ನೋಡಲು ರೋಣಕ್ಕೆ ಹೋದಳು. ಹೂವಪ್ಪನವರು ಉಮೇಶನ ಹೆಗಲ ಮೇಲೆ ಕೈ ಹಾಕಿದರು. “ಇವತ್ತ ಇದಕ್ಕ ಒಂದು ಗೆರಿ ಬೀಳಬಾರದು, ಕಂಪನಿ ಮರ್ಯಾದಿನೂ ಹೋಗಬಾರದು. ಎರಡೂ ಉಳಿಸಿದಿ ಅಂದ್ರ ಸಂಜಿಕೇ ನರಗುಂದದ ಆರ್ಡರ್ ಕೊಡ್ತೀನಿ.”

ಉಮೇಶನಿಗೆ ಕಾಲು ನೆಲಕ್ಕೆ ತಾಗದಂತಾಯಿತು. ತಕ್ಷಣ ಶಾಂಭವಿಗೆ ಫೋನು ಮಾಡಿ, “ಸಂಜಿ ತನಕ ತಡಿ,” ಎಂದ. “ಅದ ಮಾಡಕೋತ ಬಂದೀನಲ್ರಿ,” ಎಂದಳು ಅವಳು.

ಅಷ್ಟರಲ್ಲಿ ಊರು ನೆರೆದಿತ್ತು. ಯಾವಾಗ ಬರುತ್ತೆ, ಎಷ್ಟು ಉಳ್ಳಾಗಡ್ಡಿ ಚೀಲ ಹಿಡಿಯುತ್ತೆ, ಟಾಪಿನ ಮೇಲೆ ಹೊಟ್ಟು ಹೇರಬಹುದೇ ಎಂದು ಪ್ರಶ್ನೆಗಳು ಬಂದವು. “ಬರೂ ವರ್ಷ ಬರ್ತೈತ್ರಿ,” ಎಂದು ಉಮೇಶ ಎಲ್ಲರಿಗೂ ಹೇಳಿದ. ಆ ಮಾತನ್ನು ಕೇಳಿ ಕೇಳಿ ಅವನಿಗೆ ಅದು ಬಾಯಿಪಾಠವಾಗಿತ್ತು.

ಎದುರಿನ ಗ್ಯಾರೇಜಿನ ಟಿಪ್ಪುಸಾಬ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ ಎದ್ದ. “ಉಮೇಶಪ್ಪ, ಹಿಡಿಯಾಕ ಸ್ಟೇರಿಂಗ್ ಇಲ್ಲ, ಬೈಯಾಕ ಡ್ರೈವರ್ ಇಲ್ಲ. ಎಡವಟ್ಟಾದ್ರ ಯಾರನ್ನ ಹಿಡಕೊಂಡು ಬಡೀಬೇಕೋ?”

“ಅದು ತನ್ನಷ್ಟಕ್ಕ ತಾನ ಓಡ್ತೈತಿ ಕಾಕಾ,” ಎಂದ ಉಮೇಶ.

“ಓಡಲಿ ಬಿಡು ಮತ್ತ. ಒಂದೀಟು ನೋಡೂಣು.”

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೂವಪ್ಪನವರು ಪೂಜೆ ಇಟ್ಟುಕೊಂಡಿದ್ದರು. ಕಾರಿಗೆ ಮಾಲೆ ಬಿತ್ತು, ಕುಂಕುಮ ಬಿತ್ತು, ಹಿಂದಿನ ಗಾಜಿಗೆ ‘ಶ್ರೀ ಕಾಲಕಾಲೇಶ್ವರ ಪ್ರಸನ್ನ’ ಎಂಬ ಸ್ಟಿಕರ್ ಬಿತ್ತು. ಬಾನೆಟ್ಟಿನ ಮೇಲೆ ಕಾಯಿ ಒಡೆಯಹೊರಟವರೊಬ್ಬರ ಕೈಯನ್ನು ಉಮೇಶ ಗಾಳಿಯಲ್ಲೇ ಹಿಡಿದ. ಕಾಯಿ ಅವನ ಪಾದದ ಮೇಲೆ ಬಿತ್ತು, ಕಾರು ಉಳಿಯಿತು. ಆಗ ಕಳಕವ್ವ ಬುಟ್ಟಿಯಿಂದ ನಾಲ್ಕು ನಿಂಬೆಹಣ್ಣು ತೆಗೆದು ನಾಲ್ಕು ಗಾಲಿಗಳ ಮುಂದೆ ಒಂದೊಂದನ್ನು ಇಟ್ಟಳು. ಅದಕ್ಕೆ ಅಡ್ಡವಾಗಿದ್ದ ಕಲ್ಲುಗಳನ್ನು ತಾನೇ ಕಾಲಿನಿಂದ ಸರಿಸಿದಳು.

“ಹೂಂ, ದಾಟಿಸ್ರಿ,” ಎಂದಳು.

ಉಮೇಶ ಸಾಹುಕಾರರ ಕಿವಿಯಲ್ಲಿ ಉಸುರಿದ. “ಸಾವ್ಕಾರ್ರ, ಇದಕ್ಕ ಎಂಜಿನ್ ಇಲ್ರಿ.”

ಹೂವಪ್ಪನವರ ಮುಖ ಒಂದು ಗಳಿಗೆ ಮಾತ್ರ ಬಿಳಿಚಿಕೊಂಡಿತು. ವ್ಯಾಪಾರಸ್ಥರು ಅದಕ್ಕಿಂತ ಹೆಚ್ಚು ಹೊತ್ತು ಬಿಳಿಚಿಕೊಳ್ಳುವುದಿಲ್ಲ.

“ಈ ಮಂದಿ ಮುಂದ ಆ ಮಾತ ಆಡಿದ್ರ ನರಗುಂದ ಮರತುಬಿಡು.”

“ಪೂಜಿ ನಾಳೆ ಮಾಡೂಣಲ್ರಿ. ನಾಳಿನ ಕಾರಲ್ರಿ ಇದು.”

“ಲಿಂಬಿಹಣ್ಣ ಇಟ್ಟಮ್ಯಾಲ ದಾಟಲಾರದ ಬಿಟ್ಟರ ಊರ ಮಂದಿ ನನ್ನ ಅಂಗಡಿ ಕಡೆ ತಲಿ ಹಾಕಿ ಮಲಗಂಗಿಲ್ಲ. ನೀ ಒಳಗ ಕುಂದ್ರು. ನಾಲ್ಕು ಮಂದಿ ಹಿಂದಿಂದ ಮೆಲ್ಲಗ ಕೈ ಹಚ್ಚತಾರ. ಕರೆಂಟಿನ ಗಾಡಿ, ಸಪ್ಪಳ ಆಗಂಗಿಲ್ಲ ಅಂತ ನಾ ಹೇಳ್ತೀನಿ.”

ಉಮೇಶ ಒಳಗೆ ಕುಳಿತ. ಹೂವಪ್ಪನವರು ಅವನ ಕೈಯಿಂದ ರಿಮೋಟು ಇಸಿದುಕೊಂಡು ಒತ್ತಿದರು. ಬಾಗಿಲು ಇಳಿದು ಮುಚ್ಚಿಕೊಂಡಿತು. ಒಳಗೂ ಹಿಡಿಕೆ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಶೋರೂಮಿನ ಮುಂದಿನ ರಸ್ತೆ ಗುಡ್ಡದ ಕಡೆಯಿಂದ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಜಾರು ಎಂಬುದು ಅದರ ಹಿಂದೆಯೇ ಹೊಳೆಯಿತು. ಅವನು ಗಾಬರಿಯಾಗಿ ಗಾಜಿನೊಳಗಿಂದ ಎರಡೂ ಕೈ ಜೋಡಿಸಿ, ದೂಡಬೇಡಿ ಎಂದು ಬೇಡಿಕೊಂಡ. ಹೊರಗೆ ಒಂದಕ್ಷರವೂ ಕೇಳಲಿಲ್ಲ.

“ನೋಡ್ರಿ, ಕಾಲಕಾಲಪ್ಪಗ ಕೈ ಮುಗದು ಬಿಡಾಕತ್ತಾನ. ಎಷ್ಟು ಭಕ್ತಿ ಐತಿ ಹುಡುಗಗ,” ಎಂದಳು ಕಳಕವ್ವ. ಜನರೂ ತಿರುಗಿ ಕೈ ಮುಗಿದರು. ಆಮೇಲೆ ನಾಲ್ವರ ಬದಲು ಹದಿನಾಲ್ಕು ಮಂದಿ ಕೈ ಹಚ್ಚಿದರು.

ನಿಂಬೆಹಣ್ಣು ಪಚಕ್ಕೆಂದವು. ಪೂಜೆ ಮುಗಿಯಿತು. ಕಾರಿನ ಓಟ ಮಾತ್ರ ಮುಗಿಯಲಿಲ್ಲ.

ನಾಳಿನ ಕಾರು ಇವತ್ತಿನ ರಸ್ತೆಯಲ್ಲಿ ತನ್ನಷ್ಟಕ್ಕೆ ತಾನೇ ಹೊರಟಿತು. ಜನ ಚಪ್ಪಾಳೆ ತಟ್ಟಿದರು. “ಎಷ್ಟು ಹಗುರ ಹೊಂಟೈತಿ ನೋಡ್ರಿ, ಒಂದು ಸಪ್ಪಳ ಐತೇನು?” ಎಂದು ಹೂವಪ್ಪನವರು ಕೂಗಿ ಹೇಳುತ್ತಿದ್ದರು. ಒಳಗೆ ಬೇಕಾದಷ್ಟು ಸಪ್ಪಳವಿತ್ತು. ಉಮೇಶ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಬೀಳುತ್ತ, ಟೇಬಲ್ಲನ್ನು ತಬ್ಬಿಕೊಂಡು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒದೆಯುತ್ತಿದ್ದ. ಚಹಾದಂಗಡಿಯ ಬೆಂಚು ಹೋಯಿತು. ಒಂದು ಎಮ್ಮೆ ಹೋಗುವ ಮನಸ್ಸಿಲ್ಲದೆ ಕಡೇ ಗಳಿಗೆಯಲ್ಲಿ ಸರಿಯಿತು. ಕೊನೆಗೆ ಕಡಲೆ ಹೊಟ್ಟು ಹೇರಿ ನಿಂತಿದ್ದ ಟ್ರ್ಯಾಲಿಗೆ ಮೂತಿ ಹೊಕ್ಕು ಕಾರು ನಿಂತಿತು.

ಓಡಿ ಬಂದ ಹೂವಪ್ಪನವರು ರಿಮೋಟು ಒತ್ತಿದರು. ಬಾಗಿಲು ರೆಕ್ಕೆ ಎತ್ತಿತು, ಎತ್ತಿದ್ದು ಹಾಗೆಯೇ ಕಳಚಿ ಕೆಳಗೆ ಬಿತ್ತು. ಮೈ ತುಂಬ ಹೊಟ್ಟು ಮೆತ್ತಿಕೊಂಡು ಉಮೇಶ ಇಳಿದ. ಕಾರಿನ ಮೂತಿ ಸೀಳಿ ಒಳಗಿನ ಬಿಳೀ ಥರ್ಮಾಕೋಲು ಹೊರಗೆ ಬಂದಿತ್ತು. ಆ ಎಮ್ಮೆ ಹತ್ತಿರ ಬಂದು ಅದನ್ನು ಮೂಸಿ, ತಿನ್ನಲಿಕ್ಕೂ ಯೋಗ್ಯವಲ್ಲವೆಂದು ಮುಖ ತಿರುಗಿಸಿತು.

“ನಾಟಕ ಕಂಪನಿ ಅರಮನಿ ಇದ್ದಾಂಗ ಐತಲ್ಲೋ,” ಎಂದ ಟಿಪ್ಪುಸಾಬ. “ಮುಂದ ಬಂಗಾರದ ಕಂಬ, ಹಿಂದ ಬಿದಿರ ಬೊಂಬು.”

ಉಮೇಶನ ಫೋನು ಬಡಿದುಕೊಂಡಿತು. ಯಾರೋ ತೆಗೆದ ವಿಡಿಯೊ ಅವನಿಗಿಂತ ಮೊದಲೇ ನರಗುಂದ ಮುಟ್ಟಿತ್ತು. “ನೀವು ಕಾರು ಹೊಡಿಯೂದು ಯಾವಾಗ ಕಲತ್ರಿ?” ಎಂದು ಶಾಂಭವಿ ಕೇಳಿದಳು. ಅವನಿಗೆ ಅಳು ಬಂತು. ಕೆಲಸ ಹೋಯಿತು, ನರಗುಂದ ಹೋಯಿತು, ಇನ್ನು ಮುಪ್ಪಿನ ತನಕ ಬಸ್ಸೇ ಗತಿ ಎಂದು ಅವನು ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಸಂಜೆ ಶ್ವೇತಾ ಬಂದು ನೋಡಿದಳು. ಚೀರಾಡುತ್ತಾಳೆಂದು ಎಲ್ಲರೂ ಉಸಿರು ಹಿಡಿದಿದ್ದರೆ ಅವಳು ಆಕಳಿಸಿದಳು.

“ಹೋಗ್ಲಿ ಬಿಡಿ. ಈ ಕಾರು ಮಾಡೋದಿಲ್ಲ ಅಂತ ಕಂಪನಿ ಹೋದ ವರ್ಷವೇ ತೀರ್ಮಾನ ಮಾಡಿದೆ.”

“ಮತ್ತ ಊರೂರಿಗೆ ಯಾಕ ತರತೀರಿ?” ಎಂದರು ಹೂವಪ್ಪನವರು.

“ಪ್ರವಾಸ ಅದಕ್ಕೂ ಮೊದಲೇ ನಿಗದಿಯಾಗಿತ್ತು.”

“ಇದರಾಗಿಂದ ಒಂದೂ ಖರೇ ಕಾರಿಗೆ ಬರಂಗಿಲ್ಲೇನ್ರಿ?” ಎಂದ ಉಮೇಶ.

“ಬಂದಿದೆಯಲ್ಲ. ಕಪ್ ಇಡೋ ಕುಳಿ.” ಅವಳು ಲಾರಿ ಹತ್ತಿದಳು. “ಈ ಡಬ್ಬಿ ನಿಮಗೇ ಇರಲಿ ಸಾರ್. ವಾಪಸ್ ಒಯ್ಯೋಕೆ ನಮಗೆ ಹೇಳಿಲ್ಲ.”

ಹೂವಪ್ಪನವರು ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದರು. ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತು ನೋಡಿದರು, ಟೇಬಲ್ಲು ಬಡಿದು ನೋಡಿದರು. ಇಳಿದು ಬಂದು ಉಮೇಶನ ಕೈ ಕುಲುಕಿದರು.

“ಕೊಟ್ಟ ಮಾತ ಕೊಟ್ಟಾಂಗ. ಇವತ್ತಿನಿಂದ ನೀ ಬ್ರ್ಯಾಂಚ್ ಮ್ಯಾನೇಜರ.”

ಉಮೇಶ ಫೋನು ತೆಗೆದು ಶಾಂಭವಿಯ ನಂಬರು ಒತ್ತತೊಡಗಿದ. ಒತ್ತುತ್ತ ಕೇಳಿದ, “ಬಿಲ್ಡಿಂಗ್ ಯಾವಾಗ ಕಟ್ಟಿಸಿದ್ರಿ ಸಾವ್ಕಾರ್ರ?”

“ಬಿಲ್ಡಿಂಗ್ ಬರೂ ವರ್ಷ. ಈಗ ಇದ ನಿನ್ನ ಬ್ರ್ಯಾಂಚ್. ಕುರ್ಚಿ ಐತಿ, ಟೇಬಲ್ ಐತಿ, ಗಾಜು ಐತಿ. ಟ್ರ್ಯಾಲಿ ಮ್ಯಾಲ ಏರಿಸಿ ಟ್ರ್ಯಾಕ್ಟರಿಗೆ ಕಟ್ಟಿದ್ರ ಸಂತಿ ಸಂತಿಗೆ ಹೋಗ್ತೈತಿ. ಒಂದಿನ ರೋಣ, ಒಂದಿನ ನರೇಗಲ್, ಒಂದಿನ ಜಕ್ಕಲಿ, ಒಂದಿನ ಲಕ್ಕಲಕಟ್ಟಿ.”

“ನರಗುಂದ?”

“ನರಗುಂದಕ್ಕೂ ಹೋಗ್ತೈತಿ. ವಾರಕ್ಕೊಮ್ಮೆ.”

“ವಾರಕ್ಕೊಮ್ಮೆ ಈಗೂ ಹೋಗ್ತೀನಲ್ರಿ,” ಎಂದ ಉಮೇಶ.

“ಅದಕ್ಕ ನಿನ್ನ ಆರಿಸಿದ್ದು. ರೂಢಿ ಐತಿ ನಿನಗ.”

ಫೋನಿನಲ್ಲಿ ಶಾಂಭವಿ ಹಲೋ ಹಲೋ ಅನ್ನುತ್ತಿದ್ದಳು. ಆಚೆ ಕಳಕವ್ವ ಬುಟ್ಟಿ ಎತ್ತಿಕೊಂಡು ಟ್ರ್ಯಾಲಿಯ ಹತ್ತಿರ ಹೋಗಿ, ಅದಕ್ಕೆ ಎಷ್ಟು ಗಾಲಿ ಎಂದು ಬಗ್ಗಿ ಎಣಿಸುತ್ತಿದ್ದಳು.