ಪೋರ್ಚುಗಲ್ಲು, ಸ್ಪೇನು ಮತ್ತು ನಮ್ಮ ಮನೆಯ ಗೋಡೆ

ನಮ್ಮಣ್ಣ ರಾಮನಗರದ ಆಚೆ ಕಾಲಿಟ್ಟವನಲ್ಲ. ಆದರೆ ಪೋರ್ಚುಗಲ್ಲಿನ ಎಲ್ಲೆ ಎಲ್ಲಿ ಮುಗಿದು ಸ್ಪೇನಿನದು ಎಲ್ಲಿ ಶುರುವಾಗುತ್ತದೆಂದು ಕಣ್ಣು ಮುಚ್ಚಿಕೊಂಡು ತೋರಿಸುತ್ತಿದ್ದ. ನಂಬದಿದ್ದರೆ ಬಿಡಿ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಆ ಎರಡು ದೇಶ ಬಾಯಿಪಾಠವಾಗಿವೆ ಎಂದರೆ ಅವನ ಕಾಟ ಎಷ್ಟಿತ್ತೆಂದು ನೀವೇ ಊಹಿಸಿ.

ಅವನು ಕನಕಪುರದ ಒಂದು ಶಾಲೆಯಲ್ಲಿ ಜವಾನ. ಗೆದ್ದಲು ಹಿಡಿದ ಭೂಪಟವೊಂದನ್ನು ಒಲೆಗೆ ಹಾಕು ಎಂದು ಕೊಟ್ಟರೆ, ತಂದು ನಡುಮನೆಯಲ್ಲಿ ನೇತುಹಾಕಿದ. ಗೆದ್ದಲು ಇಂಡಿಯಾ, ಚೀನಾ, ರಷ್ಯಾ ಎಲ್ಲ ನುಂಗಿ ಈ ಎರಡನ್ನು ಮಾತ್ರ ಉಳಿಸಿತ್ತು. ಬೇರೆ ಯಾವುದಾದರೂ ಉಳಿದಿದ್ದರೆ ಅದರ ಭಕ್ತನಾಗುತ್ತಿದ್ದನೋ ಏನೋ. ಚರಿತ್ರೆ ಮೇಷ್ಟರಿಗೆ ದಿನಾ ಟೀ ತಂದುಕೊಟ್ಟು, ಲೋಟಕ್ಕೊಂದು ಕಥೆ ವಸೂಲು ಮಾಡಿಕೊಂಡು ಬರುತ್ತಿದ್ದ.

ನಮ್ಮ ಸೈನ್ಯ ಗೋವಾದಿಂದ ಪೋರ್ಚುಗೀಸರನ್ನು ಓಡಿಸಿತೆಂದು ರೇಡಿಯೋ ಹೇಳಿದಾಗ ಊರವರು ಸಕ್ಕರೆ ಹಂಚಿದರು. ಇವನೂ ತಿಂದ. ತಿಂದು ಮುಖ ಸಣ್ಣ ಮಾಡಿಕೊಂಡ.

"ಒಳ್ಳೇದೇ ಆಯ್ತು. ಆದ್ರೆ ಪಕ್ಕದ್ಮನೆ ಸ್ಪೇನಿನೋನ ಮುಂದೆ ಪೋರ್ಚುಗಲ್ಲಿನೋನು ಇನ್ನೆಂಗೆ ತಲೆ ಎತ್ಕಂಡು ತಿರುಗ್ತಾನೆ?"

ಊರಲ್ಲಿ ಬದುವಿನ ಜಗಳವಾದರೆ ಕರೆಯದಿದ್ದರೂ ಹೋಗುತ್ತಿದ್ದ. "ಕೇಳ್ರಲಾ. ಪೋರ್ಚುಗಲ್ಲಿನೋನೂ ಸ್ಪೇನಿನೋನೂ ಸಮುದ್ರದ ಮ್ಯಾಲೆ ಒಂದು ಗೀಟು ಎಳ್ದು, ಈ ಕಡೆ ಲೋಕ ನಂದು, ಆ ಕಡೇದು ನಿಂದು ಅಂತ ಹಂಚ್ಕಂಡ್ರು. ನಿಮಗೆ ಒಂದು ಮೊಳ ಬದ ಹಂಚ್ಕಳಕ್ಕಾಗಕಿಲ್ವಾ?"

"ಆ ಲೋಕದಾಗೆ ಇದ್ದೋರ್ನ ಒಂದು ಮಾತು ಕೇಳಿದ್ರಾ?" ಎಂದ ಜಗಳವಾಡುತ್ತಿದ್ದವನೊಬ್ಬ.

ಅಣ್ಣ ಮಾರನೆಯ ದಿನ ಮೇಷ್ಟರನ್ನು ವಿಚಾರಿಸಿಕೊಂಡು ಬಂದು, "ಕೇಳಲಿಲ್ವಂತೆ" ಎಂದ. ಅಷ್ಟರಲ್ಲಿ ಬದುವಿನ ಜಗಳದವರಿಬ್ಬರೂ ಕೋರ್ಟಿಗೆ ಹೋಗಿಯಾಗಿತ್ತು.

ಕೊನೆಗೆ ಗೀಟು ನಮ್ಮ ಮನೆಗೇ ಬಂತು. ಅದೇ ಮನೆಯಲ್ಲಿದ್ದ ನಮ್ಮ ತಮ್ಮನಿಗೆ ರೇಷ್ಮೆಹುಳ ಸಾಕಲು ಜಾಗ ಬೇಕಿತ್ತು, ಅಣ್ಣನ ಸ್ಪೇನು ಬೇಡವಾಗಿತ್ತು. ಭಾಗವಾಗೋಣ ಎಂದರು. ನಾನು ಗಂಡ ಸತ್ತ ವರ್ಷವೇ ತವರಿಗೆ ಬಂದವಳು. ಮನೆಯ ನಟ್ಟನಡುವಿನ ಒಂದು ಕೋಣೆ ನನ್ನದು, ಅಂದರೆ ಅಲ್ಲಿಯವರೆಗೆ ನನ್ನದು. ಪಂಚರು ಹೊಲ, ಎತ್ತು, ಒರಳುಕಲ್ಲು ಎಲ್ಲಕ್ಕೂ ಒಡೆಯರನ್ನು ಗೊತ್ತುಮಾಡಿದರು. ನಾನು ಎಲ್ಲಿರಬೇಕೆಂಬ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ನಾಲ್ಕು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟೆ. ಹೋಗುವುದೆಲ್ಲಿಗೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಗೋಡೆ ಏಳಬೇಕಾದ ಕಡೆ ಅಣ್ಣ ಸುಣ್ಣದ ಪುಡಿಯಲ್ಲಿ ಗೀಟು ಎಳೆಯುತ್ತ ಬಂದ. ನನ್ನ ಕೋಣೆಯ ಹತ್ತಿರ ನಿಂತುಬಿಟ್ಟ.

"ಎಳಿಯಣ್ಣೋ," ಎಂದ ತಮ್ಮ.

"ಸ್ಪೇನಿಗೂ ಪೋರ್ಚುಗಲ್ಲಿಗೂ ನಡುವೆ ಒಂದು ಊರು ಐತಂತೆ ಕಣ್ಲಾ. ಅವನೂ ನಂದು ಅಂತಾನೆ, ಇವನೂ ನಂದು ಅಂತಾನೆ. ಅಷ್ಟುದ್ದಕ್ಕೆ ಪೋರ್ಚುಗಲ್ಲಿನೋರು ಪಟದಾಗೆ ಗೀಟೇ ಎಳೆಯಕಿಲ್ವಂತೆ. ತಾತ ಮುತ್ತಾತನ ಕಾಲದಿಂದ್ಲೂ ಅಂಗೇ ಬುಟ್ಟವ್ರೆ."

"ಇದ್ನ ಪಾಲಿನ ಪತ್ರದಾಗೆ ಬರೆಯಕಾಯ್ತದಾ?"

"ಒಸಿ ತಡಿ. ಒಳಗಿರೋಳ್ನ ಕೇಳಾನ." ನನ್ನ ಕಡೆ ತಿರುಗಿದ. "ಏನವ್ವಾ, ನೀನು ಯಾರ ಕಡೆ?"

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮದುವೆಯಾಗ್ತೀಯಾ ಎಂದು ಕೂಡ.

"ನಾನು ನನ್ನ ಕಡೆ," ಎಂದೆ.

ಅಣ್ಣ ನನ್ನ ಕೋಣೆಯನ್ನು ದಾಟಿ, ಹಿತ್ತಲಲ್ಲಿ ಮತ್ತೆ ಗೀಟು ಶುರುಮಾಡಿದ. ಗೋಡೆಯೂ ಹಾಗೆಯೇ ಎದ್ದಿತು. ಕೋಣೆಯ ಬಾಗಿಲು ಅಣ್ಣನ ಭಾಗಕ್ಕೆ ತೆರೆಯುತ್ತಿತ್ತು. ಮೂರನೇ ದಿನ ತಮ್ಮ ಹಾರೆ ತಂದು, ಯಾರನ್ನೂ ಕೇಳದೆ, ತನ್ನ ಕಡೆಗೂ ಒಂದು ಬಾಗಿಲು ಒಡೆದ. ದುಡುಕಿನಲ್ಲಿ ನನ್ನ ಉಪ್ಪಿನಕಾಯಿ ಜಾಡಿಯನ್ನೂ ಒಡೆದ.

ಅಣ್ಣ ತೀರಿಕೊಂಡ ಮೇಲೆ ಆ ಭೂಪಟವನ್ನು ಒಲೆಗೆ ಹಾಕಲೆಂದು ನಾನೇ ಇಳಿಸಿದೆ. ಗೆದ್ದಲು ಪೋರ್ಚುಗಲ್ಲಿನ ಅಂಚಿಗೂ ಬಂದಿತ್ತು. ಈಗ ಅದು ನನ್ನ ಕೋಣೆಯಲ್ಲಿ, ಎರಡು ಬಾಗಿಲುಗಳ ನಡುವೆ ನೇತಾಡುತ್ತಿದೆ. ವಾರಕ್ಕೊಮ್ಮೆ ಅದರ ಹಿಂದಿನ ಗೋಡೆಗೆ ಸೀಮೆಎಣ್ಣೆ ಒರೆಸುತ್ತೇನೆ. ಗೆದ್ದಲು ಬರಬಾರದೆಂದು, ಅಷ್ಟೆ.